ಗರ್ಭಕಂಠದಲ್ಲಿ ಬದಲಾವಣೆ ಕಂಡ ಮಹಿಳೆಯರಿಗೆ ಎಚ್‌ಪಿವಿ ಪರೀಕ್ಷೆ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಕಲ್ಯಾಣ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ತಜ್ಞೆಯಾಗಿ ದುಡಿದು ನಿವೃತ್ತಳಾದ ನಾನು ಈ ಪತ್ರವನ್ನು ತಮ್ಮ ಕಚೇರಿಗೆ ಕಳಿಸುವುದರ ಜೊತೆಗೆ ಸಾರ್ವಜನಿಕರ ಮುಂದೆಯೂ ಇಡುತ್ತಿದ್ದೇನೆ. ಕೋರಿಕೆ ಒಂದೇ ಇದೆ. ತಪಾಸಣೆಯಲ್ಲಿ ಗರ್ಭಕಂಠದಲ್ಲಿ, ಅಂದರೆ ಗರ್ಭಚೀಲದ ಬಾಯಿಯಲ್ಲಿ, ಏನೋ ಬದಲಾವಣೆ ಇದೆಯೆಂದು ಹೇಳಿಸಿಕೊಂಡ ಮಹಿಳೆಗೆ ಮುಂದಿನ ದಾರಿ ತೋರಿಸುವ ಎಚ್‌ಪಿವಿ ಪರೀಕ್ಷೆ, ಅಂದರೆ ಗರ್ಭಕಂಠದ ಕ್ಯಾನ್ಸರ್ ತರುವ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ಪರೀಕ್ಷೆ, ಅವಳ ಜಿಲ್ಲೆಯ ಸರ್ಕಾರಿ ವ್ಯವಸ್ಥೆಯಲ್ಲಿಯೇ ಉಚಿತವಾಗಿ ಸಿಗಬೇಕು; ಅದರ ಫಲಿತಾಂಶ ಅವಳ ಕೈ ಸೇರಿ, ಅದರ ಪ್ರಕಾರ ಚಿಕಿತ್ಸೆ ಮುಗಿಯುವವರೆಗೆ ಒಬ್ಬರಾದರೂ ಅವಳ ಜೊತೆ ಇರಬೇಕು. ಇದು ದೊಡ್ಡ ಬೇಡಿಕೆಯಂತೆ ಕಾಣಬಹುದು. ಇದಕ್ಕೆ ಬೇಕಾದ ಯಂತ್ರಗಳ ಬಹುಪಾಲು ಇಲಾಖೆಯ ಬಳಿ ಈಗಾಗಲೇ ಇದೆ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ, ಆ ಒಂದು ವರ್ಷದಲ್ಲಿ ಭಾರತದಲ್ಲಿ 1,27,000ಕ್ಕೂ ಹೆಚ್ಚು ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಹೊಸದಾಗಿ ಬಂದಿತು ಮತ್ತು ಸುಮಾರು 80,000 ಮಹಿಳೆಯರು ಅದರಿಂದ ತೀರಿಕೊಂಡರು. ಮೊದಲೇ ಕಂಡುಹಿಡಿದರೆ ಸಂಪೂರ್ಣವಾಗಿ ತಡೆಯಬಹುದಾದ ಕ್ಯಾನ್ಸರ್‌ಗಳ ಸಾಲಿನಲ್ಲಿ ಮೊದಲು ನಿಲ್ಲುವುದು ಇದೇ. ವೈರಸ್ ಸೋಂಕು ತಗಲಿದ ದಿನದಿಂದ ಕ್ಯಾನ್ಸರ್ ಆಗುವವರೆಗೆ, ರೋಗನಿರೋಧಕ ಶಕ್ತಿ ಸಹಜವಾಗಿರುವ ಮಹಿಳೆಯಲ್ಲಿ ಸಾಮಾನ್ಯವಾಗಿ 15ರಿಂದ 20 ವರ್ಷಗಳ ಅವಧಿ ಇರುತ್ತದೆ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನಮ್ಮ ವ್ಯವಸ್ಥೆ ಅವಳನ್ನು ಸರಿಯಾಗಿ ಪರೀಕ್ಷಿಸಲಿಲ್ಲ ಎಂದಾದರೆ ಹೊಣೆ ಅವಳದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಜೀವನದಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇ 2ಕ್ಕಿಂತ ಕಡಿಮೆ.

ತಪಾಸಣೆಗೆ ಬಾರದವರ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ, ನಡೆಯಬೇಕಾದದ್ದೂ ಹೌದು. ನನ್ನ ಆತಂಕ ಇರುವುದು ತಪಾಸಣೆಗೆ ಬಂದು, 'ಬದಲಾವಣೆ ಇದೆ' ಎನ್ನಿಸಿಕೊಂಡು, ಅಲ್ಲಿಂದ ಮುಂದೆ ದಾರಿ ಕಾಣದೆ ಹೋಗುವವರ ಬಗ್ಗೆ. ಆಶಾ ಕಾರ್ಯಕರ್ತೆಯ ಮಾತು ನಂಬಿ, ಒಂದು ದಿನದ ಕೂಲಿ ಬಿಟ್ಟು, ಸಂಕೋಚ ಬಿಟ್ಟು ಪರೀಕ್ಷೆಯ ಮೇಜಿನ ಮೇಲೆ ಮಲಗಿದವಳು ಅವಳು. ಅಷ್ಟು ಮಾಡಿದ ಮೇಲೂ ಅವಳನ್ನು ಕಳೆದುಕೊಳ್ಳುತ್ತೇವೆ ಎಂದರೆ ನಮ್ಮ ಕಾರ್ಯಕ್ರಮದ ಅತ್ಯಂತ ದುಬಾರಿ ಭಾಗವನ್ನೇ ವ್ಯರ್ಥ ಮಾಡುತ್ತಿದ್ದೇವೆ ಎಂದರ್ಥ.

2016ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ 30ರಿಂದ 65 ವರ್ಷದೊಳಗಿನ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಮಾಡುವ ತಪಾಸಣೆಯನ್ನು ವಿಐಎ ಎನ್ನುತ್ತಾರೆ. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಏಳುತ್ತದೆಯೇ ಎಂದು ಬರಿಗಣ್ಣಿನಿಂದ ನೋಡುವುದು ಇದರ ವಿಧಾನ. ಖರ್ಚು ಕಡಿಮೆ, ಫಲಿತಾಂಶ ತಕ್ಷಣ ಸಿಗುತ್ತದೆ, ತರಬೇತಿ ಪಡೆದ ಶುಶ್ರೂಷಕಿಯೂ ಮಾಡಬಹುದು. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ನಡೆಸಿದ ದೀರ್ಘ ಅಧ್ಯಯನದಲ್ಲಿ, ಚೆನ್ನಾಗಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಇದೇ ಪರೀಕ್ಷೆ ಮಾಡಿದಾಗ ಗರ್ಭಕಂಠದ ಕ್ಯಾನ್ಸರ್ ಸಾವುಗಳು ಶೇ 31ರಷ್ಟು ಇಳಿದವು. ಆದ್ದರಿಂದ ವಿಐಎಯನ್ನು ಹಗುರವಾಗಿ ಕಾಣುವವಳು ನಾನಲ್ಲ. ಆದರೆ ಅದು ನೋಡುವವರ ಕಣ್ಣನ್ನು ಅವಲಂಬಿಸಿದ ಪರೀಕ್ಷೆ. ಉರಿಯೂತವಿದ್ದರೂ ಬಿಳಿ ಮಚ್ಚೆ ಕಾಣುತ್ತದೆ. ಜೀವಕೋಶಗಳು ಸಹಜವಾಗಿ ಬದಲಾಗುತ್ತಿರುವ ಜಾಗದಲ್ಲಿಯೂ ಕಾಣುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ, ಕ್ಯಾನ್ಸರ್ ಹುಟ್ಟುವ ವಲಯವೇ ಗರ್ಭಕಂಠದ ಒಳಕ್ಕೆ ಸರಿದುಬಿಡುವುದರಿಂದ ನೋಡಬೇಕಾದ ಜಾಗವೇ ಕಣ್ಣಿಗೆ ಬೀಳುವುದಿಲ್ಲ.

ಗರ್ಭಕಂಠದಿಂದ ತೆಗೆದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಸ್ಮಿಯರ್ ಪರೀಕ್ಷೆಯ ಕಥೆ ಬೇರೆ ರೀತಿಯದು. ಅದನ್ನು ಓದಲು ನುರಿತ ರೋಗಲಕ್ಷಣ ತಜ್ಞರು (ಪ್ಯಾಥಾಲಜಿಸ್ಟ್) ಬೇಕು, ಸ್ಲೈಡ್ ಚೆನ್ನಾಗಿ ಮಾಡಿರಬೇಕು, ವರದಿ ಬರಲು ವಾರಗಳು ಹಿಡಿಯುತ್ತವೆ. ಬಂದ ವರದಿಯಲ್ಲಿ ಅನೇಕ ಸಲ ಎಎಸ್‌ಸಿ-ಯುಎಸ್ ಎಂದು ಬರೆದಿರುತ್ತದೆ: ಜೀವಕೋಶಗಳು ಪೂರ್ತಿ ಸಹಜವಾಗಿಲ್ಲ, ಆದರೆ ಅದರ ಮಹತ್ವವೇನೆಂದು ಹೇಳಲು ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. ಇಂಥ ಚೀಟಿ ಹಿಡಿದು ದೇವದುರ್ಗದಿಂದಲೋ ಚಿಂಚೋಳಿಯಿಂದಲೋ ಬರುವ ಮಹಿಳೆಗೆ ವೈದ್ಯರು ಏನು ಹೇಳಬೇಕು? ಆರು ತಿಂಗಳು ಬಿಟ್ಟು ಬಾ ಎಂದರೆ ಅವಳು ಬರುವುದು ಅನುಮಾನ. ಎಲ್ಲರನ್ನೂ ಕಾಲ್ಪೊಸ್ಕೋಪಿಗೆ, ಅಂದರೆ ಗರ್ಭಕಂಠವನ್ನು ಹಿಗ್ಗಿಸಿ ನೋಡುವ ಪರೀಕ್ಷೆಗೆ ಕಳಿಸಿದರೆ, ಆ ಸೌಲಭ್ಯವಿರುವ ಕೆಲವೇ ಆಸ್ಪತ್ರೆಗಳ ಸಾಲು ಬೆಳೆದು, ನಿಜವಾಗಿ ತುರ್ತು ಇರುವವಳು ಅದರ ಕೊನೆಯಲ್ಲಿ ನಿಲ್ಲುತ್ತಾಳೆ.

ಈ ತೊಡಕನ್ನು ಬಿಡಿಸುವುದೇ ಎಚ್‌ಪಿವಿ ಪರೀಕ್ಷೆ. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಮತ್ತು ಅವರ ಸಂಗಡಿಗರು 1983ರಲ್ಲಿ ಎಚ್‌ಪಿವಿ 16ನ್ನೂ ಮರುವರ್ಷ ಎಚ್‌ಪಿವಿ 18ನ್ನೂ ಗರ್ಭಕಂಠದ ಗಡ್ಡೆಗಳಲ್ಲಿ ಗುರುತಿಸಿದರು. ಆ ಕೆಲಸಕ್ಕೆ 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಈ ವೈರಸ್ಸಿನ 200ಕ್ಕೂ ಹೆಚ್ಚು ಬಗೆಗಳಿದ್ದರೂ ಕ್ಯಾನ್ಸರ್ ತರಬಲ್ಲ ಹೆಚ್ಚು ಅಪಾಯದ ಬಗೆಗಳು ಹದಿನಾಲ್ಕರಷ್ಟು ಮಾತ್ರ. ಗರ್ಭಕಂಠದ ಹೆಚ್ಚುಕಡಿಮೆ ಎಲ್ಲ ಕ್ಯಾನ್ಸರ್‌ಗಳ ಹಿಂದೆಯೂ ಇವುಗಳಲ್ಲೊಂದು ಇರುತ್ತದೆ. 16 ಮತ್ತು 18 ಎಂಬ ಎರಡೇ ಬಗೆಗಳು ಜಗತ್ತಿನ ಶೇ 70ರಷ್ಟು ಪ್ರಕರಣಗಳಿಗೆ ಕಾರಣವಾಗಿದ್ದು, ನಮ್ಮ ದೇಶದಲ್ಲಿ ಅವುಗಳ ಪಾಲು ಅದಕ್ಕಿಂತಲೂ ಹೆಚ್ಚು. ಹೀಗಿರುವಾಗ, ಗರ್ಭಕಂಠದಲ್ಲಿ ಸಂದೇಹಾಸ್ಪದ ಬದಲಾವಣೆ ಕಂಡ ಮಹಿಳೆಯಲ್ಲಿ ಈ ವೈರಸ್ ಇಲ್ಲವೆಂದು ಖಚಿತವಾದರೆ, ಅವಳಿಗೆ ಕ್ಯಾನ್ಸರ್ ಪೂರ್ವ ಸ್ಥಿತಿ ಇರುವ ಸಂಭವ ತೀರಾ ಕಡಿಮೆ ಎಂದು ಧೈರ್ಯ ಹೇಳಿ ಮನೆಗೆ ಕಳಿಸಬಹುದು. ವೈರಸ್ ಇದ್ದರೆ, ಅದರಲ್ಲೂ 16 ಅಥವಾ 18 ಇದ್ದರೆ, ಕಾಲ್ಪೊಸ್ಕೋಪಿಯ ಸಾಲಿನಲ್ಲಿ ಅವಳನ್ನು ಮುಂದೆ ನಿಲ್ಲಿಸಬೇಕು.

ಇದು ನನ್ನೊಬ್ಬಳ ಅಭಿಪ್ರಾಯವಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಆಲ್ಟ್ಸ್ ಎಂಬ ಹೆಸರಿನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನ ಈ ಪ್ರಶ್ನೆಗಾಗಿಯೇ ರೂಪುಗೊಂಡಿತ್ತು. ಎಎಸ್‌ಸಿ-ಯುಎಸ್ ವರದಿ ಬಂದಿದ್ದ ಸುಮಾರು 3,500 ಮಹಿಳೆಯರಲ್ಲಿ ಎಚ್‌ಪಿವಿ ಪರೀಕ್ಷೆಯು ತೀವ್ರ ಸ್ವರೂಪದ ಕ್ಯಾನ್ಸರ್ ಪೂರ್ವ ಸ್ಥಿತಿಯ ಶೇ 96ರಷ್ಟನ್ನು ಹಿಡಿಯಿತು. ಕಾಲ್ಪೊಸ್ಕೋಪಿಗೆ ಕಳಿಸಬೇಕಾಗಿ ಬಂದದ್ದು ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನರನ್ನು ಮಾತ್ರ. ಅಲ್ಲಿ ಬಂದವರಲ್ಲಿ ಎಳೆಯ ವಯಸ್ಸಿನವರು ಬಹಳ ಇದ್ದರು, ಮತ್ತು ಆ ವಯಸ್ಸಿನಲ್ಲಿ ಈ ಸೋಂಕು ಸಾಮಾನ್ಯ. ಮೂವತ್ತು ದಾಟಿದವರನ್ನೇ ತಪಾಸಣೆ ಮಾಡುವ ನಮ್ಮ ಕಾರ್ಯಕ್ರಮದಲ್ಲಿ ಹೀಗೆ ಕಳಿಸಬೇಕಾಗುವವರ ಪಾಲು ಇನ್ನೂ ಕಡಿಮೆಯಿರುತ್ತದೆ ಎಂದು ನಿರೀಕ್ಷಿಸಬಹುದು. ಅದೇ ಅಧ್ಯಯನ ಪರೀಕ್ಷೆಯ ಮಿತಿಯನ್ನೂ ಸ್ಪಷ್ಟವಾಗಿ ತೋರಿಸಿತು. ಪ್ಯಾಪ್ ವರದಿಯಲ್ಲಿ ಎಲ್‌ಎಸ್‌ಐಎಲ್ ಎಂಬ ಸೌಮ್ಯ ಬದಲಾವಣೆ ನಿಚ್ಚಳವಾಗಿ ಕಂಡವರಲ್ಲಿ ಶೇ 83ರಷ್ಟು ಮಂದಿಗೆ ಎಚ್‌ಪಿವಿ ಪಾಸಿಟಿವ್ ಬಂದಿತು. ಬಹುತೇಕ ಎಲ್ಲರಿಗೂ ಪಾಸಿಟಿವ್ ಬರುವಲ್ಲಿ ಆ ಪರೀಕ್ಷೆ ಯಾರನ್ನು ಯಾರಿಂದ ಬೇರ್ಪಡಿಸೀತು?

ನಮ್ಮ ನೆರೆಯಲ್ಲೇ ನಡೆದ ಅಧ್ಯಯನವೊಂದನ್ನು ತಮ್ಮ ಗಮನಕ್ಕೆ ತರಲೇಬೇಕು. ಬೀದರ್ ಮತ್ತು ಕಲಬುರಗಿ ಜಿಲ್ಲೆಗಳ ಗಡಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗಿನ ಧಾರಾಶಿವದಲ್ಲಿ, 1999ರಿಂದ ಆರಂಭಿಸಿ 30ರಿಂದ 59 ವರ್ಷದೊಳಗಿನ 1,31,746 ಮಹಿಳೆಯರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಒಮ್ಮೆ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಒಮ್ಮೆ ಪ್ಯಾಪ್, ಒಂದಕ್ಕೆ ಒಮ್ಮೆ ವಿಐಎ, ನಾಲ್ಕನೆಯದಕ್ಕೆ ರೂಢಿಯಲ್ಲಿದ್ದ ಆರೈಕೆ ಮಾತ್ರ. ಎಂಟು ವರ್ಷಗಳ ನಂತರ ನೋಡಿದಾಗ, ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಯಾದ ಗುಂಪಿನಲ್ಲಿ ಮುಂದುವರಿದ ಹಂತದ ಕ್ಯಾನ್ಸರ್‌ಗಳೂ ಸಾವುಗಳೂ ನಾಲ್ಕನೆಯ ಗುಂಪಿಗೆ ಹೋಲಿಸಿದರೆ ಹತ್ತಿರಹತ್ತಿರ ಅರ್ಧಕ್ಕಿಳಿದಿದ್ದವು. ಉಳಿದೆರಡು ಗುಂಪುಗಳಲ್ಲಿ ಅಂಥ ಗಣನೀಯ ಇಳಿಕೆ ಕಾಣಲಿಲ್ಲ. ಇದು 2009ರಲ್ಲಿ ಜಗತ್ತಿನ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿ, ಎಷ್ಟೋ ದೇಶಗಳು ತಮ್ಮ ನೀತಿಯನ್ನು ಬದಲಿಸಲು ಆಧಾರವಾಯಿತು. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಯನ್ನು ಕೇಂದ್ರವಾಗಿಟ್ಟುಕೊಂಡು ಮಾಡಿದ ಕೆಲಸವಿದು. ನಮ್ಮ ಆಳಂದ, ಬಸವಕಲ್ಯಾಣ ತಾಲ್ಲೂಕುಗಳ ಮಹಿಳೆಯರ ಬದುಕು, ಬಡತನ, ಮದುವೆಯ ವಯಸ್ಸು, ಹೊಲದ ಕೆಲಸ ಇವೆಲ್ಲ ಆ ಮಹಿಳೆಯರಿಗಿಂತ ಬೇರೆಯಲ್ಲ. ಗಡಿಯಾಚೆಯ ನಮ್ಮಂಥವರೇ ಜಗತ್ತಿಗೆ ಕೊಟ್ಟ ಈ ಪುರಾವೆಯ ಫಲ ಗಡಿಯ ಈಚೆಗೆ ಬರಲು ಇಷ್ಟು ವರ್ಷ ಏಕೆ ಬೇಕಾಯಿತು ಎಂಬುದು ನನ್ನನ್ನು ಇಂದಿಗೂ ನೋಯಿಸುವ ಪ್ರಶ್ನೆ.

ಆ ಅಧ್ಯಯನದ ಇನ್ನೊಂದು ಅಂಕಿ ನಮ್ಮ ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ವಿಐಎ ಮಾಡಿದಾಗ ಶೇ 14ರಷ್ಟು ಮಹಿಳೆಯರಲ್ಲಿ ಬದಲಾವಣೆ ಕಂಡಿತ್ತು. ಎಚ್‌ಪಿವಿ ಪಾಸಿಟಿವ್ ಬಂದವರು ಶೇ 10ರಷ್ಟು. ಅಂದರೆ ಪ್ರತಿ ನೂರು ಮಹಿಳೆಯರಿಗೆ ಹದಿನಾಲ್ಕು ಮಂದಿಯನ್ನು ನಾವು ಹೆದರಿಸುತ್ತೇವೆ, ಆದರೆ ಅವರಲ್ಲಿ ಚಿಕಿತ್ಸೆ ಬೇಕಾದವರು ಕೆಲವರು ಮಾತ್ರ. ವಿಐಎಯಲ್ಲಿ ಬದಲಾವಣೆ ಕಂಡವಳಿಗೆ ಅದೇ ದಿನ, ಅದೇ ಜಾಗದಲ್ಲಿ, ಸುಟ್ಟು ಅಥವಾ ತಣ್ಣನೆಯ ಅನಿಲದಿಂದ ಘನೀಕರಿಸಿ ಚಿಕಿತ್ಸೆ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುತ್ತದೆ, ಮತ್ತು ತರಬೇತಿ ಹಾಗೂ ಉಪಕರಣ ಎರಡೂ ಇರುವ ಕಡೆ ಅದು ಸರಿಯಾದ ಕ್ರಮ. ನಾನು ಕೆಲಸ ಮಾಡಿದ ಕಡೆಗಳಲ್ಲಿ ಹಾಗೆ ಆಗುತ್ತಿರಲಿಲ್ಲ. ಮೇಲಿನ ಆಸ್ಪತ್ರೆಗೆ ಹೋಗಲು ಒಂದು ಚೀಟಿ ಬರೆದುಕೊಡುತ್ತಿದ್ದರು, ಅಷ್ಟೇ.

ಆ ಚೀಟಿ ಎಲ್ಲಿಗೆ ಹೋಗುತ್ತದೆ ಎಂಬುದೇ ಈ ಪತ್ರದ ಮುಖ್ಯ ವಿಷಯ. ಕೆಲವು ಚೀಟಿಗಳು ಮನೆಯ ಗೂಡಿನಲ್ಲಿ ಉಳಿಯುತ್ತವೆ. ನೋವಿಲ್ಲ, ರಕ್ತಸ್ರಾವವಿಲ್ಲ, ಕೆಲಸ ನಿಂತಿಲ್ಲ. ಹಾಗಾಗಿ ಅವಳು ಹೋಗುವುದಿಲ್ಲ. ಶಕ್ತಿ ಯೋಜನೆಯಿಂದ ಬಸ್ ಟಿಕೆಟ್ಟಿನ ಖರ್ಚು ಉಳಿದಿರುವುದು ದೊಡ್ಡ ನೆರವೇ ಸರಿ, ಆದರೆ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವ ದಿನದ ಕೂಲಿಯನ್ನು ಯಾರೂ ತುಂಬಿಕೊಡುವುದಿಲ್ಲ, ಅಲ್ಲಿ ಹೋದ ಮೇಲೆ ಇನ್ನೊಂದು ದಿನ ಬಾ ಎಂದರೆ ಎರಡನೆಯ ದಿನವೂ ಹೋಯಿತು. ಇನ್ನು ಕೆಲವು ಚೀಟಿಗಳು ಪಟ್ಟಣದ ಖಾಸಗಿ ನರ್ಸಿಂಗ್ ಹೋಂ ಸೇರುತ್ತವೆ. ಅಲ್ಲಿ ಅವಳಿಗೆ 'ಗರ್ಭಚೀಲದ ಬಾಯಿಗೆ ಹುಣ್ಣಾಗಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ಚೀಲ ತೆಗೆಸಿಬಿಡು' ಎಂಬ ಮಾತು ಕೇಳುವ ಸಂಭವ ಬಹಳ.

ಸುಮಾರು ಒಂದು ದಶಕದ ಹಿಂದೆ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರು ಮತ್ತು ದಲಿತ ಮಹಿಳೆಯರು, ಆಮೇಲೆ ಹಾವೇರಿ ಜಿಲ್ಲೆಯ ಮಹಿಳೆಯರು, ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳ ವಿರುದ್ಧ ಬೀದಿಗಿಳಿದದ್ದು ತಮಗೆ ಗೊತ್ತಿರುವ ವಿಷಯ. ಬಿಳಿ ಹೋಗುವುದು, ಬೆನ್ನುನೋವು, ಕಿಬ್ಬೊಟ್ಟೆ ನೋವು ಎಂದು ಬಂದವರಲ್ಲಿ ಎಷ್ಟೋ ಮಂದಿಯ ಗರ್ಭಕೋಶವನ್ನು ಮೂವತ್ತು, ಮೂವತ್ತೈದರ ವಯಸ್ಸಿನಲ್ಲೇ ತೆಗೆಯಲಾಗಿತ್ತು, ಮತ್ತು ಅವರನ್ನು ಒಪ್ಪಿಸಿದ್ದು ಕ್ಯಾನ್ಸರ್ ಎಂಬ ಹೆದರಿಕೆ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಮಾರ್ಗಸೂಚಿ, ಸಮಿತಿ, ಲೆಕ್ಕಪರಿಶೀಲನೆ ಎಲ್ಲವೂ ಬೇಕು. ಆದರೆ ಹೆದರಿಕೆಗೆ ಎದುರಾಗಿ ಆ ಮಹಿಳೆಯ ಕೈಯಲ್ಲಿ ಹಿಡಿಯಲು ಏನಾದರೂ ಇರಬೇಕಲ್ಲ? 'ನಿಮಗೆ ಎಚ್‌ಪಿವಿ ಇಲ್ಲ. ಇನ್ನು ಐದು ವರ್ಷ ಈ ವಿಷಯಕ್ಕೆ ಚಿಂತೆ ಬೇಡ' ಎಂದು ಬರೆದ ಸರ್ಕಾರಿ ವರದಿ ಅವಳ ಕೈಯಲ್ಲಿದ್ದರೆ, ಕ್ಯಾನ್ಸರ್ ಹೆಸರಿನಲ್ಲಿ ಅವಳನ್ನು ಶಸ್ತ್ರಚಿಕಿತ್ಸೆಯ ಮೇಜಿಗೆ ಎಳೆಯುವುದು ಕಷ್ಟವಾಗುತ್ತದೆ.

ಇದರ ಇನ್ನೊಂದು ಮುಖವೂ ಅಷ್ಟೇ ಗಂಭೀರ. ಪರೀಕ್ಷೆಗಳನ್ನು ಸರಿಯಾಗಿ ಮಾಡದೆ ಗರ್ಭಕೋಶ ತೆಗೆದುಬಿಟ್ಟ ಮೇಲೆ, ತೆಗೆದ ಭಾಗದಲ್ಲಿ ಕ್ಯಾನ್ಸರ್ ಆಗಲೇ ಹರಡಲು ಶುರುವಾಗಿತ್ತು ಎಂದು ಗೊತ್ತಾಗುವ ಪ್ರಕರಣಗಳಿವೆ. ಕ್ಯಾನ್ಸರ್‌ಗೆ ಮಾಡಬೇಕಾದ ಶಸ್ತ್ರಚಿಕಿತ್ಸೆಯೇ ಬೇರೆ, ಅದರ ವ್ಯಾಪ್ತಿಯೇ ಬೇರೆ. ಸಾಮಾನ್ಯ ರೀತಿಯಲ್ಲಿ ಗರ್ಭಕೋಶ ತೆಗೆದವಳಿಗೆ ಆಮೇಲೆ ವಿಕಿರಣ ಚಿಕಿತ್ಸೆ ಕೊಡುವುದು ಹೆಚ್ಚು ಜಟಿಲ, ಗುಣವಾಗುವ ಭರವಸೆ ಕಡಿಮೆ. ಕಿದ್ವಾಯಿ ಸಂಸ್ಥೆಗಾಗಲಿ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗಾಗಲಿ ಹೀಗೆ ಬರುವ ಮಹಿಳೆಯರ ಬಗ್ಗೆ ಅಲ್ಲಿಯ ತಜ್ಞರನ್ನು ತಾವು ಒಮ್ಮೆ ಕೇಳಿದರೆ, ನಾನು ಬರೆದದ್ದರಲ್ಲಿ ಅತಿಶಯೋಕ್ತಿ ಇಲ್ಲವೆಂದು ತಿಳಿಯುತ್ತದೆ.

ಪರೀಕ್ಷೆ ಯಾರಿಗೆ ಬೇಡ ಎಂಬುದನ್ನೂ ಇಷ್ಟೇ ಸ್ಪಷ್ಟವಾಗಿ ಆದೇಶದಲ್ಲಿ ಬರೆಯಬೇಕೆಂದು ವಿನಂತಿ, ಏಕೆಂದರೆ ಹೊಸ ಪರೀಕ್ಷೆಯೊಂದು ಬಂದಾಗ ಅದನ್ನು ಎಲ್ಲರಿಗೂ ಮಾಡಿಸುವ ಉತ್ಸಾಹ ನಮ್ಮಲ್ಲಿ ಹೆಚ್ಚು. ಸಂಭೋಗದ ನಂತರ ರಕ್ತ ಬರುತ್ತಿದ್ದು, ಗರ್ಭಕಂಠದಲ್ಲಿ ಗಡ್ಡೆಯೋ ಹೂಕೋಸಿನಂಥ ಬೆಳವಣಿಗೆಯೋ ಕಣ್ಣಿಗೇ ಕಾಣುತ್ತಿದ್ದರೆ ಆ ಮಹಿಳೆಗೆ ಬೇಕಾದದ್ದು ತಕ್ಷಣದ ಬಯಾಪ್ಸಿ. ಅಲ್ಲಿ ಎಚ್‌ಪಿವಿ ವರದಿಗಾಗಿ ಕಾಯುವುದು ಅವಳ ಆಯುಷ್ಯವನ್ನು ಕಾಯಿಸಿದಂತೆ. ಪ್ಯಾಪ್ ವರದಿಯಲ್ಲಿ ಎಚ್‌ಎಸ್‌ಐಎಲ್ ಎಂಬ ತೀವ್ರ ಬದಲಾವಣೆ ಇದ್ದರೂ ಅಷ್ಟೇ, ಎಚ್‌ಪಿವಿ ನೆಗೆಟಿವ್ ಬಂದರೂ ಕಾಲ್ಪೊಸ್ಕೋಪಿ ತಪ್ಪುವುದಿಲ್ಲ. ಗ್ರಂಥಿ ಕೋಶಗಳ ಬದಲಾವಣೆ ಕಂಡವರಲ್ಲಿ ಗರ್ಭಕೋಶದ ಒಳಭಾಗವನ್ನೂ ಪರಿಶೀಲಿಸಬೇಕಾಗಬಹುದು. ಇಪ್ಪತ್ತರ ಆಸುಪಾಸಿನ ಹುಡುಗಿಯರಿಗೆ ಈ ಪರೀಕ್ಷೆ ಮಾಡಿಸಬಾರದು. ಆ ವಯಸ್ಸಿನ ಸೋಂಕುಗಳಲ್ಲಿ ಬಹುಪಾಲು ಒಂದೆರಡು ವರ್ಷಗಳಲ್ಲಿ ತಾವಾಗಿ ಹೋಗುತ್ತವೆ, ಸುಮ್ಮನೆ ಭಯ ಮಾತ್ರ ಉಳಿಯುತ್ತದೆ. ಕ್ಯಾನ್ಸರ್ ತರದ, ನರಹುಲಿ ಮಾತ್ರ ತರುವ ಬಗೆಗಳನ್ನು ಪರೀಕ್ಷಿಸುವುದರಿಂದ ಯಾವ ಪ್ರಯೋಜನವೂ ಇಲ್ಲ, ಆದರೂ ಕೆಲವು ಖಾಸಗಿ ಪ್ರಯೋಗಾಲಯಗಳು ಅದಕ್ಕೂ ಹಣ ಪಡೆಯುತ್ತವೆ.

ಇದಕ್ಕೆ ವಿರುದ್ಧವಾಗಿ, ಅತ್ಯಂತ ಅಗತ್ಯವಿದ್ದೂ ನಾವು ಮರೆಯುವ ಒಂದು ಗುಂಪು ಚಿಕಿತ್ಸೆ ಪಡೆದವರದು. ಕ್ಯಾನ್ಸರ್ ಪೂರ್ವ ಸ್ಥಿತಿಗಾಗಿ ಗರ್ಭಕಂಠದ ಭಾಗವನ್ನು ಸುಟ್ಟ ಅಥವಾ ಕತ್ತರಿಸಿ ತೆಗೆದ ಮಹಿಳೆಯಲ್ಲಿ ರೋಗ ಪೂರ್ತಿ ಹೋಯಿತೇ ಎಂದು ತಿಳಿಯಲು ಎಚ್‌ಪಿವಿಗಿಂತ ಒಳ್ಳೆಯ ಪರೀಕ್ಷೆ ನಮ್ಮ ಬಳಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಚಿಕಿತ್ಸೆಯಾದ 12 ತಿಂಗಳಿಗೆ ಇದನ್ನು ಮಾಡಲು ಹೇಳುತ್ತದೆ. ಕ್ಯಾನ್ಸರ್ ಪೂರ್ವ ಸ್ಥಿತಿಯ ಕಾರಣಕ್ಕಾಗಿಯೇ ಗರ್ಭಕೋಶ ತೆಗೆಸಿಕೊಂಡವರೂ ತಾವು ಪಾರಾದೆವೆಂದು ನಂಬಿ ಮತ್ತೆ ಆಸ್ಪತ್ರೆಯ ಕಡೆ ಬರುವುದಿಲ್ಲ, ಯೋನಿಯ ಮೇಲ್ಭಾಗದಲ್ಲಿ ಅದೇ ಬದಲಾವಣೆ ಮತ್ತೆ ಬರಬಹುದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಎಚ್‌ಐವಿಯೊಂದಿಗೆ ಬದುಕುತ್ತಿರುವ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಆರು ಪಟ್ಟು ಹೆಚ್ಚು. ಚಿಕಿತ್ಸೆಯಿಲ್ಲದವರಲ್ಲಿ ಸೋಂಕಿನಿಂದ ಕ್ಯಾನ್ಸರ್‌ವರೆಗಿನ ಅವಧಿ 5ರಿಂದ 10 ವರ್ಷಕ್ಕೆ ಕುಗ್ಗುತ್ತದೆ. ಅವರಿಗೆ 25ನೆಯ ವಯಸ್ಸಿನಿಂದಲೇ, 3ರಿಂದ 5 ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ ಮಾಡಬೇಕೆಂಬುದು ಅದೇ ಸಂಸ್ಥೆಯ ಶಿಫಾರಸು. ಬೆಳಗಾವಿ, ಬಾಗಲಕೋಟೆಯಂಥ ಜಿಲ್ಲೆಗಳ ಎಆರ್‌ಟಿ ಕೇಂದ್ರಗಳಿಗೆ ಈ ಮಹಿಳೆಯರು ಔಷಧಿಗಾಗಿ ನಿಯಮಿತವಾಗಿ ಬರುತ್ತಲೇ ಇರುತ್ತಾರೆ. ಬೇರೆಲ್ಲೂ ಅಲೆಸದೆ ಅಲ್ಲಿಯೇ ಮಾದರಿ ತೆಗೆದುಕೊಳ್ಳಬಹುದು.

ಇನ್ನು ಯಂತ್ರಗಳ ವಿಷಯ. ಕೋವಿಡ್ ಕಾಲದಲ್ಲಿ ಜಿಲ್ಲಾ ಪ್ರಯೋಗಾಲಯಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಆರ್‌ಟಿ-ಪಿಸಿಆರ್ ಯಂತ್ರಗಳನ್ನು ಸ್ಥಾಪಿಸಿ, ತಂತ್ರಜ್ಞರಿಗೆ ತರಬೇತಿ ಕೊಟ್ಟದ್ದು ಇಲಾಖೆಯ ಹೆಮ್ಮೆಯ ಸಾಧನೆ. ಎಚ್‌ಪಿವಿ ಡಿಎನ್‌ಎ ಪರೀಕ್ಷೆಗೆ ಬೇಕಾದದ್ದು ಅದೇ ಬಗೆಯ ಯಂತ್ರ. ಕ್ಷಯರೋಗ ಪತ್ತೆಗಾಗಿ ತಾಲ್ಲೂಕು ಮಟ್ಟದವರೆಗೂ ಬಂದಿರುವ, ಗೋವಾದ ಕಂಪನಿಯೊಂದು ತಯಾರಿಸುವ ಟ್ರೂನ್ಯಾಟ್ ಯಂತ್ರದಲ್ಲಿಯೂ ಎಚ್‌ಪಿವಿ ಚಿಪ್ ಹಾಕಿ ಪರೀಕ್ಷಿಸಬಹುದು. ಪ್ಯಾಪ್‌ಗೆ ಬೇಕಾದಂತೆ ಸೂಕ್ಷ್ಮದರ್ಶಕದ ಮುಂದೆ ಕೂರುವ ತಜ್ಞರು ಇದಕ್ಕೆ ಬೇಕಿಲ್ಲ. ತಕ್ಕ ದ್ರಾವಣದಲ್ಲಿಟ್ಟ ಮಾದರಿಯು ಕೆಲವು ದಿನ ಕೆಡದೆ ಉಳಿಯುವುದರಿಂದ, ಕಫದ ಮಾದರಿಗಳನ್ನು ಒಯ್ಯುವ ವ್ಯವಸ್ಥೆಯಲ್ಲಿಯೇ ಇದನ್ನೂ ಕಳಿಸಬಹುದು. ಒಂದು ಎಚ್ಚರಿಕೆ ಮಾತ್ರ ಅತ್ಯಗತ್ಯ: ಮಾರುಕಟ್ಟೆಯಲ್ಲಿರುವ ಎಲ್ಲ ಎಚ್‌ಪಿವಿ ಕಿಟ್‌ಗಳೂ ಸಮನಲ್ಲ. ಕೆಲವು ಕಿಟ್‌ಗಳು ಬೆರಳೆಣಿಕೆಯ ಬಗೆಗಳನ್ನು ಮಾತ್ರ ಹಿಡಿಯುತ್ತವೆ, ಕೆಲವಕ್ಕೆ ರೋಗಿಗಳ ಮೇಲೆ ನಡೆದ ಸರಿಯಾದ ಮೌಲ್ಯಮಾಪನವೇ ಇಲ್ಲ. ರಾಜ್ಯ ವೈದ್ಯಕೀಯ ಸರಬರಾಜು ನಿಗಮವು ಟೆಂಡರ್ ಕರೆಯುವಾಗ ಕಡಿಮೆ ಬೆಲೆಯೊಂದನ್ನೇ ನೋಡದೆ, ಸ್ವತಂತ್ರ ಮೌಲ್ಯಮಾಪನದಲ್ಲಿ ಗೆದ್ದ, 16 ಮತ್ತು 18ನ್ನು ಬೇರೆಯಾಗಿ ತಿಳಿಸುವ ಕಿಟ್‌ಗಳನ್ನೇ ಕೊಳ್ಳಬೇಕೆಂಬ ಷರತ್ತನ್ನು ಲಿಖಿತವಾಗಿ ಹಾಕಬೇಕು. ಈಗ ಈ ಪರೀಕ್ಷೆ ಬೇಕೆಂದರೆ ಖಾಸಗಿ ಪ್ರಯೋಗಾಲಯದಲ್ಲಿ ಸಾವಿರಾರು ರೂಪಾಯಿ ತೆರಬೇಕು, ಒಬ್ಬ ಕೂಲಿ ಮಹಿಳೆ ಅಷ್ಟನ್ನು ತನಗಾಗಿ ಖರ್ಚು ಮಾಡುವುದಿಲ್ಲ.

ಮಾದರಿಯನ್ನು ಮಹಿಳೆಯೇ ಸಣ್ಣ ಬ್ರಷ್‌ನಿಂದ ತೆಗೆದುಕೊಡಬಹುದು ಎಂಬುದು ಈ ಪರೀಕ್ಷೆಯ ಅತಿ ದೊಡ್ಡ ಅನುಕೂಲ. ಡಿಎನ್‌ಎಯನ್ನು ಹಲವು ಪಟ್ಟು ವೃದ್ಧಿಸಿ ನೋಡುವ ಪರೀಕ್ಷೆಗಳಲ್ಲಿ, ಹೀಗೆ ತೆಗೆದ ಮಾದರಿ ವೈದ್ಯರು ತೆಗೆದದ್ದಕ್ಕೆ ಹತ್ತಿರಹತ್ತಿರ ಸಮವಾಗಿ ಕೆಲಸ ಮಾಡುತ್ತದೆ. ಆಸ್ಟ್ರೇಲಿಯಾದಲ್ಲಿ 2022ರ ಜುಲೈನಿಂದ ತಪಾಸಣೆಗೆ ಬರುವ ಎಲ್ಲ ಮಹಿಳೆಯರಿಗೂ ಈ ಆಯ್ಕೆ ಇದೆ. ಪುರುಷ ವೈದ್ಯರಿದ್ದಾರೆಂದು ಬಾಗಿಲಿನಿಂದಲೇ ಹಿಂತಿರುಗುವ, ಹಿಂದಿನ ಹೆರಿಗೆಯ ನೋವಿನ ನೆನಪಿಗೆ ಪರೀಕ್ಷೆಯೇ ಬೇಡವೆನ್ನುವ ನಮ್ಮ ಮಹಿಳೆಯರಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಎಂದು ಹಳ್ಳಿಯ ಯಾವ ಸಮುದಾಯ ಆರೋಗ್ಯ ಅಧಿಕಾರಿಯನ್ನು ಕೇಳಿದರೂ ಹೇಳುತ್ತಾರೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹಣ ಮತ್ತು ಯಂತ್ರದಿಂದ ಆಗುವ ಕೆಲಸ. ಅದರಿಂದ ಆಗದ ಒಂದು ಕೆಲಸವಿದೆ. ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್. ಪಾಸಿಟಿವ್ ಎಂಬ ವರದಿ ಮನೆಗೆ ಹೋದ ದಿನ, ಆ ಮನೆಯಲ್ಲಿ ಹೆಂಡತಿಯ ಶೀಲದ ಪ್ರಶ್ನೆ ಏಳುವುದನ್ನು ನಾನು ಬಲ್ಲೆ. ವಿವಾಹಿತರಲ್ಲಿ ಬಹುಪಾಲು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ಸೋಂಕು ತಗಲಿಹೋಗಿರುತ್ತದೆ ಎಂದು, ಅದು ವರ್ಷಗಟ್ಟಲೆ ಸುಳಿವು ಕೊಡದೆ ದೇಹದಲ್ಲಿ ಉಳಿಯಬಲ್ಲದೆಂದು, ಆದ್ದರಿಂದ ಯಾರಿಂದ ಯಾರಿಗೆ ಯಾವಾಗ ಬಂತೆಂದು ಹೇಳಲು ಯಾವ ವೈದ್ಯರಿಗೂ ಸಾಧ್ಯವಿಲ್ಲವೆಂದು ಆ ದಂಪತಿಗೆ ಸಮಾಧಾನವಾಗಿ ಕೂರಿಸಿ ತಿಳಿಸಬೇಕು. ವೈರಸ್ಸಿಗೆ ಮಾತ್ರೆಯಿಲ್ಲ, ಆದರೆ ಅದು ಮಾಡಿದ ಬದಲಾವಣೆಗೆ ಚಿಕಿತ್ಸೆಯಿದೆ, ಅದು ಕೆಲವೇ ನಿಮಿಷಗಳ ಕೆಲಸ, ಅದೇ ದಿನ ಮನೆಗೆ ಹೋಗಬಹುದು ಎಂಬ ಮಾತನ್ನು ಅವಳ ಭಾಷೆಯಲ್ಲಿ, ಕನ್ನಡವಿರಲಿ, ಲಂಬಾಣಿಯಿರಲಿ, ಉರ್ದುವಿರಲಿ, ತುಳುವಿರಲಿ, ಹೇಳಬಲ್ಲವರು ಬೇಕು. ಆ ಊರಿನ ಆಶಾ ಕಾರ್ಯಕರ್ತೆ ಅನೇಕ ಸಲ ಅವಳ ಓರಗಿತ್ತಿಯೋ ನೆರೆಮನೆಯವಳೋ ಆಗಿರುತ್ತಾಳೆ. ಅವಳ ಮೂಲಕ ಕರೆಕಳಿಸುವಾಗ 'ವರದಿ ಬಂದಿದೆ, ಬನ್ನಿ' ಎಂಬಷ್ಟನ್ನೇ ತಿಳಿಸಿ, ಫಲಿತಾಂಶವನ್ನು ಆಸ್ಪತ್ರೆಯಲ್ಲಿ ಆ ಮಹಿಳೆಗೊಬ್ಬಳಿಗೇ ಹೇಳುವ ನಿಯಮ ಬೇಕು. ಕ್ಷಯರೋಗದಲ್ಲಿ, ಎಚ್‌ಐವಿಯಲ್ಲಿ ಈ ಎಚ್ಚರವನ್ನು ನಾವು ಕಲಿತಿದ್ದೇವೆ.

ಲಸಿಕೆ ಬಂದಿದೆಯಲ್ಲ, ಇನ್ನು ಈ ಪರೀಕ್ಷೆಗಳೆಲ್ಲ ಏಕೆ ಎಂದು ಕೆಲವು ಅಧಿಕಾರಿಗಳು ಕೇಳುವುದನ್ನು ನಾನು ಕೇಳಿದ್ದೇನೆ. ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸುವುದನ್ನು ಮನಸಾರೆ ಬೆಂಬಲಿಸುತ್ತೇನೆ. ಆದರೆ ಲಸಿಕೆ ಸೋಂಕು ತಗಲುವ ಮುನ್ನ ಕೆಲಸ ಮಾಡುತ್ತದೆಯೇ ಹೊರತು, ಈಗಾಗಲೇ ಇರುವ ಸೋಂಕನ್ನಾಗಲಿ ಗರ್ಭಕಂಠದ ಬದಲಾವಣೆಯನ್ನಾಗಲಿ ವಾಸಿ ಮಾಡುವುದಿಲ್ಲ. ಇಂದು ಲಸಿಕೆ ಪಡೆಯುವ ಹುಡುಗಿಯ ತಾಯಿಗೆ ಇಂದೇ ಬೇಕಾಗಿರುವುದು ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲಿ ಘೋಷಿಸಿದ ಗುರಿಯಲ್ಲಿಯೂ ಮೂರು ಭಾಗಗಳಿವೆ: 2030ರೊಳಗೆ ಶೇ 90ರಷ್ಟು ಬಾಲಕಿಯರಿಗೆ ಲಸಿಕೆ, ಶೇ 70ರಷ್ಟು ಮಹಿಳೆಯರಿಗೆ 35ನೆಯ ವಯಸ್ಸಿನೊಳಗೆ ಒಮ್ಮೆ, 45ರೊಳಗೆ ಮತ್ತೊಮ್ಮೆ ಉತ್ತಮ ಗುಣಮಟ್ಟದ ಪರೀಕ್ಷೆ, ರೋಗ ಕಂಡವರಲ್ಲಿ ಶೇ 90ರಷ್ಟು ಮಂದಿಗೆ ಚಿಕಿತ್ಸೆ. ಆ ಸಂಸ್ಥೆ 2021ರಲ್ಲಿ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೇ ತಪಾಸಣೆಯ ಮೊದಲ ಹೆಜ್ಜೆಯಾಗಿಸಬೇಕೆಂದು ಶಿಫಾರಸು ಮಾಡಿತು. ಕೊನೆಗೆ ನಾವೂ ಅಲ್ಲಿಗೇ ಹೋಗಬೇಕು. ರಾಜ್ಯದ ಎಲ್ಲ ಮಹಿಳೆಯರಿಗೆ ಒಮ್ಮೆಲೇ ಅದನ್ನು ಕೊಡಲು ಈಗ ಆಗದಿದ್ದರೆ, ಬದಲಾವಣೆ ಕಂಡವರು, ಚಿಕಿತ್ಸೆ ಪಡೆದವರು, ಎಚ್‌ಐವಿ ಇರುವವರು ಈ ಮೂರು ಗುಂಪುಗಳಿಂದ ಆರಂಭಿಸಬಹುದು. ಇವರ ಸಂಖ್ಯೆ ಕಡಿಮೆ, ಅಪಾಯ ಹೆಚ್ಚು, ಮತ್ತು ಇವರಲ್ಲಿ ಬಹುಪಾಲು ಜನ ಈಗಾಗಲೇ ನಮ್ಮ ದಾಖಲೆಗಳಲ್ಲಿದ್ದಾರೆ.

ಆರಂಭಕ್ಕೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಜಿಲ್ಲೆಗಳನ್ನು ಆರಿಸಿಕೊಳ್ಳಬೇಕೆಂದು ಕೋರುತ್ತೇನೆ. ಇವೆಲ್ಲ ಜಿಲ್ಲೆಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಕಲಬುರಗಿಯಲ್ಲಿ ಕಿದ್ವಾಯಿಯ ಪ್ರಾದೇಶಿಕ ಕೇಂದ್ರವಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವೂ ಇದೆ. ಪ್ರತಿ ವೈದ್ಯಕೀಯ ಕಾಲೇಜಿನಲ್ಲಿ ವಾರಕ್ಕೆ ಒಂದು ನಿಗದಿತ ದಿನ ಕಾಲ್ಪೊಸ್ಕೋಪಿ ನಡೆಯಬೇಕು, ಆ ದಿನ ಬಂದವಳಿಗೆ ಪರೀಕ್ಷೆ, ಬಯಾಪ್ಸಿ, ಸಾಧ್ಯವಿದ್ದಲ್ಲಿ ಚಿಕಿತ್ಸೆ ಎಲ್ಲವೂ ಒಂದೇ ಭೇಟಿಯಲ್ಲಿ ಮುಗಿಯಬೇಕು. ಬ್ಯಾಟರಿಯಿಂದ ನಡೆಯುವ, ಕೈಯಲ್ಲಿ ಹಿಡಿದು ಬಳಸುವ, ಬದಲಾದ ಭಾಗವನ್ನು ಶಾಖದಿಂದ ಸುಡುವ ಥರ್ಮಲ್ ಅಬ್ಲೇಶನ್ ಸಾಧನಗಳು ಬಂದಿರುವುದರಿಂದ ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಗೂ ಈ ಚಿಕಿತ್ಸೆ ಎಟುಕುವಂಥದ್ದು. ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಹೋಗುವ ಸಿಬ್ಬಂದಿಯ ನಮೂನೆಯಲ್ಲಿ ಒಂದು ಅಂಕಣ ಹೆಚ್ಚಿಸಿ, ಬದಲಾವಣೆ ಕಂಡ ಪ್ರತಿ ಮಹಿಳೆಯ ಎಚ್‌ಪಿವಿ ಫಲಿತಾಂಶ ಬಂತೇ, ಕಾಲ್ಪೊಸ್ಕೋಪಿ ಆಯಿತೇ, ಚಿಕಿತ್ಸೆ ಮುಗಿಯಿತೇ ಎಂಬುದನ್ನು ದಾಖಲಿಸಬೇಕು. ಜಿಲ್ಲಾ ಆರೋಗ್ಯಾಧಿಕಾರಿಗಳ ಮಾಸಿಕ ಸಭೆಯಲ್ಲಿ ಎಷ್ಟು ಮಂದಿಯ ತಪಾಸಣೆಯಾಯಿತು ಎಂಬ ಸಂಖ್ಯೆಯ ಬದಲು, ಬದಲಾವಣೆ ಕಂಡವರಲ್ಲಿ ಎಷ್ಟು ಮಂದಿಯ ಚಿಕಿತ್ಸೆ ಮುಗಿಯಿತು ಎಂಬ ಸಂಖ್ಯೆಯನ್ನು ಮೊದಲು ಕೇಳಬೇಕು.

ಇದಕ್ಕೆ ಬೇಕಾದ ಕಿಟ್, ಸಾಗಣೆ, ತರಬೇತಿಗಳ ವೆಚ್ಚವನ್ನು ರಾಷ್ಟ್ರೀಯ ಆರೋಗ್ಯ ಅಭಿಯಾನಕ್ಕೆ ರಾಜ್ಯವು ಸಲ್ಲಿಸುವ ಮುಂದಿನ ಕಾರ್ಯಕ್ರಮ ಅನುಷ್ಠಾನ ಯೋಜನೆಯಲ್ಲಿ ಸೇರಿಸಬೇಕೆಂದೂ, ಅದರ ಕರಡು ಸಿದ್ಧವಾಗುವ ಮುನ್ನ ಸರ್ಕಾರಿ ಆಸ್ಪತ್ರೆಗಳ ಸ್ತ್ರೀರೋಗ ತಜ್ಞರು, ರೋಗಲಕ್ಷಣ ತಜ್ಞರು, ಸಮುದಾಯ ಆರೋಗ್ಯ ಅಧಿಕಾರಿಗಳು ಮತ್ತು ಕಲಬುರಗಿ, ಹಾವೇರಿಯ ಹೋರಾಟನಿರತ ಮಹಿಳೆಯರ ಪ್ರತಿನಿಧಿಗಳನ್ನು ಕರೆಸಿ ಒಂದು ದಿನದ ಸಮಾಲೋಚನೆ ನಡೆಸಬೇಕೆಂದೂ ವಿನಂತಿಸುತ್ತೇನೆ. ಕರೆದರೆ ನಾನೂ ಬರುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ಕಲ್ಯಾಣ ಕರ್ನಾಟಕದ ನಿವೃತ್ತ ಸರ್ಕಾರಿ ಸ್ತ್ರೀರೋಗ ತಜ್ಞೆ